ಲಿಕ್ವಿಡ್ ಕೂಲರ್ ಪರೀಕ್ಷೆ: ಬಿಸಿ ಎಲ್ಲಿ ತಡೆದು ನಿಲ್ಲುತ್ತದೆ?

ಲಿಕ್ವಿಡ್ ಕೂಲರ್ ಹಾಕಿದ ಮೇಲೆ ಎಲ್ಲರೂ ಮೊದಲು ನೋಡುವುದು ಸಿಪಿಯು ಎಷ್ಟು ಡಿಗ್ರಿಗೆ ಇಳಿಯಿತು ಅಂತ. ಆ ಒಂದು ಅಂಕಿಯಿಂದ ಕೂಲರ್ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಆಗುವುದಿಲ್ಲ. ಇದರಲ್ಲಿ ಪಂಪೊಂದು ಕೂಲಂಟ್ ಎಂಬ ದ್ರವವನ್ನು ಸಿಪಿಯು ಮೇಲಿನ ತಾಮ್ರದ ತಳಕ್ಕೂ ಫ್ಯಾನ್ ಬೀಸುವ ರೇಡಿಯೇಟರಿಗೂ ನಡುವೆ ಸುತ್ತಿಸುತ್ತದೆ. ಬಿಸಿ ಚಿಪ್‌ನಿಂದ ಕೂಲಂಟ್‌ಗೆ ಬರುವುದು ಒಂದು ಘಟ್ಟ, ಕೂಲಂಟ್‌ನಿಂದ ಕೋಣೆಯ ಗಾಳಿಗೆ ಹೋಗುವುದು ಇನ್ನೊಂದು ಘಟ್ಟ. ಎರಡನ್ನೂ ಬೇರೆಬೇರೆಯಾಗಿ ಅಳೆದಾಗ ಮಾತ್ರ ತೊಂದರೆ ಎಲ್ಲಿದೆ ಎಂದು ತಿಳಿಯುತ್ತದೆ. 240 ಮಿ.ಮೀ. ರೇಡಿಯೇಟರಿನ ಕೂಲರ್ ಒಂದನ್ನು ಕೂರಿಸಿ, ಬಿಚ್ಚಿ, ಮತ್ತೆ ಕೂರಿಸಿ ಹಾಗೆ ಅಳೆದ ದಾಖಲೆ ಇದು. ಮಾಡಿದ ಕ್ರಮದಲ್ಲೇ ಬರೆದಿದ್ದೇನೆ.

ಯಂತ್ರ: ರೈಜೆನ್ 7 5800ಎಕ್ಸ್ ಸಿಪಿಯು, ಎಎಂ4 ಎಂಬ ಸಾಕೆಟ್ ಇರುವ ಮದರ್‌ಬೋರ್ಡ್. 8 ಕೋರ್‌ಗಳ ಈ ಸಿಪಿಯುವಿನ ಡೀಫಾಲ್ಟ್ ವಿದ್ಯುತ್ ಮಿತಿ, ಅಂದರೆ ಪಿಪಿಟಿ, 142 ವ್ಯಾಟ್. ಉಷ್ಣತೆಯ ಮಿತಿ 90 ಡಿಗ್ರಿ. ಅದು ಬಂದರೆ ಸಿಪಿಯು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಎಂಟೂ ಕೋರ್‌ಗಳು ಸುಮಾರು 80 ಚದರ ಮಿ.ಮೀ.ಯ ಒಂದೇ ಪುಟ್ಟ ಚಿಪ್‌ನಲ್ಲಿವೆ, ಜೊತೆಗೆ ಆ ಚಿಪ್ ಲೋಹದ ಮುಚ್ಚಳದ ನಟ್ಟನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದಿದೆ. ಈ ಸಂಗತಿ ಮುಂದೆ ಎರಡು ಕಡೆ ಉಪಯೋಗಕ್ಕೆ ಬರುತ್ತದೆ.

ಹಳೆಯದು ಒಂದೇ ಫ್ಯಾನಿನ ಟವರ್ ಏರ್ ಕೂಲರ್. ಬ್ಲೆಂಡರ್ ಎಂಬ 3ಡಿ ಚಿತ್ರ ತಂತ್ರಾಂಶದಲ್ಲಿ ಉದ್ದನೆಯ ರೆಂಡರ್ ಹಾಕಿದರೆ ಸಿಪಿಯು 90ಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು. ಲಿಕ್ವಿಡ್ ಕೂಲರ್ ತರಿಸಿದ್ದು ಅದಕ್ಕೇ.

ಹಂತ 1: ಬಿಚ್ಚುವ ಮೊದಲು ಹಳೆಯದರ ಅಳತೆ

ಹೊಸದು ಬಂದ ಕೂಡಲೇ ಹಳೆಯದನ್ನು ಕಿತ್ತು ಹಾಕಿದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಮೊದಲು ಏರ್ ಕೂಲರಿನ ಲೆಕ್ಕ ತೆಗೆದುಕೊಂಡೆ.

ಸಿಪಿಯು ಬಿಸಿಯಾದಂತೆ ತನ್ನ ವಿದ್ಯುತ್ ಬಳಕೆಯನ್ನೂ ಬದಲಿಸುವುದರಿಂದ ಹೋಲಿಕೆ ಕಷ್ಟ. ಬಯೋಸ್‌ಗೆ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ, ಹೋಗಿ ಪಿಬಿಓ (ಸಿಪಿಯುವಿನ ವಿದ್ಯುತ್ ಮಿತಿ ಬದಲಿಸುವ) ವಿಭಾಗದಲ್ಲಿ ಪಿಪಿಟಿಯನ್ನು 120 ವ್ಯಾಟ್‌ಗೆ ಕಟ್ಟಿಹಾಕಿದೆ. ಇನ್ನು ಮುಂದೆ ಎಲ್ಲ ಪರೀಕ್ಷೆಗಳಿಗೂ ಅಷ್ಟೇ ವ್ಯಾಟ್. ಭಾರ ಹಾಕಲು ಪ್ರೈಮ್95 ತಂತ್ರಾಂಶದ ಸ್ಮಾಲ್ ಎಫ್‌ಎಫ್‌ಟಿ. ಸಿಪಿಯು ವೇಗಕ್ಕೆ ಅಂಕ ಕೊಡುವ ಸಿನೆಬೆಂಚ್ ಆರ್23 ಕೂಡ ಒಳ್ಳೆಯದೇ, ಆದರೆ ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ನಡುವೆ ಕೆಲವು ಕ್ಷಣ ಭಾರ ಇಳಿಯುತ್ತದೆ, ಗ್ರಾಫ್ ಹಲ್ಲುಹಲ್ಲಾಗಿ ಬರುತ್ತದೆ. ಪ್ರೈಮ್95ರಲ್ಲಿ ಗೆರೆ ನೆಟ್ಟಗಿರುತ್ತದೆ.

ದಾಖಲಿಸಲು ಎಚ್‌ಡಬ್ಲ್ಯೂಇನ್ಫೋ64 ಎಂಬ ತಂತ್ರಾಂಶ, 2 ಸೆಕೆಂಡಿಗೊಂದು ಓದು, ಸಿಎಸ್‌ವಿ ಫೈಲಿಗೆ. ರೈಜೆನ್ ಇರುವವರು ಇದರಲ್ಲಿ ‘ಪವರ್ ರಿಪೋರ್ಟಿಂಗ್ ಡೀವಿಯೇಷನ್’ ಎಂಬ ಸಾಲನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು. ಕೆಲವು ಬೋರ್ಡ್‌ಗಳು ಸಿಪಿಯು ಎಳೆಯುವ ವಿದ್ಯುತ್ತನ್ನು ಕಮ್ಮಿ ತೋರಿಸುತ್ತವೆ. 120 ಎಂದು ಹೇಳಿ ನಿಜಕ್ಕೂ 150 ಎಳೆಯುತ್ತಿದ್ದರೆ ಬೇರೆಯವರ ಅಂಕಿಗಳ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಪೂರ್ತಿ ಭಾರ ಹಾಕಿದಾಗ ಇದು 100ರ ಹತ್ತಿರ ಇರಬೇಕು. ನನ್ನ ಬೋರ್ಡ್ 97 ಪ್ರತಿಶತ ತೋರಿಸಿತು, ಸಾಕು.

ಕೋಣೆಯ ಉಷ್ಣತೆಗೆ ತಂತಿ ಇರುವ ಡಿಜಿಟಲ್ ಥರ್ಮಾಮೀಟರ್. ಅದರ ತುದಿಯನ್ನು ಕ್ಯಾಬಿನೆಟ್ ಗಾಳಿ ಎಳೆದುಕೊಳ್ಳುವ ಮುಂಭಾಗದಿಂದ 10 ಸೆಂ.ಮೀ. ಆಚೆ ತೂಗುಬಿಟ್ಟೆ. ಮೇಜಿನ ಹಿಂದೆ, ಬಿಸಿಗಾಳಿ ಹೊರಬರುವ ಕಡೆ ಇಟ್ಟರೆ ಅದು ಕೋಣೆಯ ಲೆಕ್ಕ ಆಗುವುದಿಲ್ಲ.

ಫಲಿತಾಂಶ: ಕೋಣೆ 26.5, ಸಿಪಿಯು 81.5, ಫ್ಯಾನ್ 1400 ಆರ್‌ಪಿಎಂ (ನಿಮಿಷಕ್ಕೆ ಸುತ್ತು). ಅಂದರೆ 120 ವ್ಯಾಟ್‌ಗೆ ಕೋಣೆಗಿಂತ 55 ಡಿಗ್ರಿ ಹೆಚ್ಚು. ಡೀಫಾಲ್ಟ್ 142ಕ್ಕೆ ಬಿಟ್ಟರೆ 90 ಮುಟ್ಟಿ, ವಿದ್ಯುತ್ 137ರ ಆಸುಪಾಸಿಗೆ ಇಳಿದು ನಿಲ್ಲುತ್ತಿತ್ತು.

ಹಂತ 2: ಬಿಚ್ಚುವುದು, ಕೂರಿಸುವುದು

ಎಎಂ4ರಲ್ಲಿ ಪಿನ್‌ಗಳಿರುವುದು ಸಿಪಿಯುವಿನಲ್ಲೇ. ಸಾಕೆಟ್ ಅದನ್ನು ಬಿಗಿಯಾಗಿ ಹಿಡಿದಿರುವುದಿಲ್ಲ. ಒಣಗಿದ ಪೇಸ್ಟ್ (ಸಿಪಿಯುವಿಗೂ ಕೂಲರಿಗೂ ನಡುವೆ ಹಚ್ಚುವ, ಬಿಸಿ ದಾಟಿಸುವ ಅಂಟು) ಸಮೇತ ಕೂಲರನ್ನು ನೇರ ಮೇಲಕ್ಕೆ ಜಗ್ಗಿದರೆ ಸಿಪಿಯು ಸಹ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಹತ್ತು ನಿಮಿಷ ಭಾರ ಹಾಕಿ ಪೇಸ್ಟನ್ನು ಬೆಚ್ಚಗೆ ಮಾಡಿ, ಆಮೇಲೆ ಯಂತ್ರ ಆರಿಸಿ, ಪ್ಲಗ್ ತೆಗೆದು, ಕೂಲರನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ತಿರುವಿದೆ. ಮೂರು ನಾಲ್ಕು ತಿರುವಿಗೆ ಸಡಿಲವಾಯಿತು. ಅವಸರ ಮಾಡಬಾರದ ಜಾಗ ಇದು.

ಎಎಂ4ರ ಇನ್ನೊಂದು ಕಿರಿಕಿರಿ: ಮುಂದಿನ ಪ್ಲಾಸ್ಟಿಕ್ ಬ್ರ್ಯಾಕೆಟ್‌ಗಳ ನಾಲ್ಕು ಸ್ಕ್ರೂ ತೆಗೆದರೆ ಹಿಂದಿನ ಬ್ಯಾಕ್‌ಪ್ಲೇಟ್ ಕಳಚಿ ಬೀಳುತ್ತದೆ. ಹೊಸ ಕೂಲರಿಗೂ ಅದೇ ಬ್ಯಾಕ್‌ಪ್ಲೇಟ್ ಬೇಕು. ಕ್ಯಾಬಿನೆಟ್ಟನ್ನು ಮಲಗಿಸಿ, ಹಿಂದಿನಿಂದ ಒಂದು ಕೈ ಒತ್ತಿಹಿಡಿದು ಕೆಲಸ ಮಾಡಬೇಕು.

ಜಾಗದ ಅಳತೆ: ರೇಡಿಯೇಟರ್ ದಪ್ಪ 27 ಮಿ.ಮೀ., ಫ್ಯಾನ್ 25, ಒಟ್ಟು 52. ಕ್ಯಾಬಿನೆಟ್ ಛಾವಣಿಯಿಂದ ಮದರ್‌ಬೋರ್ಡಿನ ಅಂಚಿಗೆ 58 ಮಿ.ಮೀ. ಸಿಕ್ಕಿತು, ರ‍್ಯಾಮ್‌ಗೂ ತಾಗಲಿಲ್ಲ. ಸಿಪಿಯುಗೆ ಹೋಗುವ 8 ಪಿನ್ನಿನ ವಿದ್ಯುತ್ ಕೇಬಲನ್ನು ರೇಡಿಯೇಟರ್ ಕೂರಿಸುವ ಮೊದಲೇ ಚುಚ್ಚಿಡಿ. ಆಮೇಲೆ ಬೆರಳು ಹೋಗುವುದಿಲ್ಲ.

ಸ್ಕ್ರೂಗಳ ಬಗ್ಗೆ ಸ್ವಲ್ಪ ಒತ್ತಿ ಹೇಳುತ್ತೇನೆ. ಪೊಟ್ಟಣದಲ್ಲಿ ಎರಡು ಅಳತೆಯವು ಬರುತ್ತವೆ. ಫ್ಯಾನ್ ದಾಟಿ ರೇಡಿಯೇಟರಿಗೆ ಹೋಗುವುವು ಉದ್ದ, ಸುಮಾರು 30 ಮಿ.ಮೀ. ರೇಡಿಯೇಟರನ್ನು ನೇರವಾಗಿ ಕ್ಯಾಬಿನೆಟ್ ತಗಡಿಗೆ ಬಿಗಿಯುವುವು ಗಿಡ್ಡ. ಗಿಡ್ಡ ಸ್ಕ್ರೂ ಬೇಕಾದ ಕಡೆ ಉದ್ದದ್ದನ್ನು ತಿರುಗಿಸಿದರೆ ಅದು ರೇಡಿಯೇಟರಿನ ರೆಕ್ಕೆಗಳನ್ನು ಸೀಳಿ ಕೂಲಂಟ್ ಹರಿಯುವ ಚಪ್ಪಟೆ ಕೊಳವೆಗೆ ತೂತು ಹಾಕುತ್ತದೆ. ಅಲ್ಲಿಗೆ ಕೂಲರ್ ಮುಗಿಯಿತು. ಪ್ರತಿ ಸ್ಕ್ರೂವನ್ನೂ ತಗಡಿನ ಪಕ್ಕ ಹಿಡಿದು ಎಷ್ಟು ಒಳಗೆ ಹೋಗುತ್ತದೆ ಎಂದು ನೋಡಿಯೇ ತಿರುಗಿಸಿದೆ.

ಮುಚ್ಚಳವನ್ನು 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಪಂಪಿನ ತಾಮ್ರದ ತಳಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಸುಲಿದು, ಪೇಸ್ಟ್ ಹಾಕಿ ಕೂರಿಸಿದೆ. ಫ್ಯಾನ್‌ಗಳು ಸಿಪಿಯು ಫ್ಯಾನ್ ಹೆಡರಿಗೆ (ಕೇಬಲ್ ಸಿಕ್ಕಿಸುವ ಮದರ್‌ಬೋರ್ಡಿನ ಪಿನ್‌ಗಳಿಗೆ), ಪಂಪ್ ಪ್ರತ್ಯೇಕ ಪಂಪ್ ಹೆಡರಿಗೆ. ಸಿಪಿಯು ಫ್ಯಾನ್ ಹೆಡರ್ ಖಾಲಿ ಇದ್ದರೆ ಎಷ್ಟೋ ಬೋರ್ಡ್‌ಗಳು ‘ಸಿಪಿಯು ಫ್ಯಾನ್ ಎರರ್’ ಎಂದು ಬೂಟ್ ಆಗುವುದನ್ನೇ ನಿಲ್ಲಿಸುತ್ತವೆ.

ಹಂತ 3: ಕೂಲಂಟಿನ ಬಿಸಿ ಅಳೆಯುವ ದಾರಿ

ದುಬಾರಿ ಕೂಲರ್‌ಗಳಲ್ಲಿ ಕೂಲಂಟ್ ಸೆನ್ಸರ್ ಒಳಗೇ ಇರುತ್ತದೆ. ಇದರಲ್ಲಿ ಇಲ್ಲ. ಮದರ್‌ಬೋರ್ಡಿನಲ್ಲಿ ಎರಡು ಪಿನ್ನಿನ ಟಿ-ಸೆನ್ಸರ್ ಹೆಡರ್ ಇತ್ತು. ಅದಕ್ಕೆ 10 ಕಿಲೋ ಓಮ್‌ನ ಎನ್‌ಟಿಸಿ ಥರ್ಮಿಸ್ಟರ್ (ಉಷ್ಣತೆ ಅಳೆಯುವ ಪುಟ್ಟ ಬಿಡಿಭಾಗ) ಸಿಕ್ಕಿಸಿದರೆ ಓದು ನೇರ ಎಚ್‌ಡಬ್ಲ್ಯೂಇನ್ಫೋಗೆ ಬರುತ್ತದೆ. ಇದು ತುಂಬ ಅನುಕೂಲ, ಸಿಪಿಯು ಮತ್ತು ಕೂಲಂಟ್ ಎರಡೂ ಒಂದೇ ಫೈಲಿನಲ್ಲಿ, ಒಂದೇ ಗಡಿಯಾರದಲ್ಲಿ ಸಿಗುತ್ತವೆ.

ಮೊದಲು ಥರ್ಮಿಸ್ಟರನ್ನು ರಬ್ಬರ್ ಕೊಳವೆಯ ಮೇಲೆ ಟೇಪ್ ಹಾಕಿ ಅಂಟಿಸಿದೆ. ಕೆಲಸ ಆಗಲಿಲ್ಲ. ದಪ್ಪ ರಬ್ಬರ್, ಅದರ ಮೇಲೆ ನೂಲಿನ ಹೆಣಿಗೆ, ಎರಡೂ ಬಿಸಿಯನ್ನು ತಡೆಯುತ್ತವೆ. ಸಿಪಿಯು 80 ದಾಟಿದರೂ ಸೆನ್ಸರ್ 31ರಲ್ಲೇ ಕೂತಿತ್ತು. ಅಲ್ಲಿಂದ ತೆಗೆದು ರೇಡಿಯೇಟರಿನ ತುದಿಯ ಲೋಹದ ಟ್ಯಾಂಕಿಗೆ, ಕೊಳವೆಗಳು ಸೇರುವ ಕಡೆಗೆ, ಥರ್ಮಲ್ ಟೇಪ್‌ನಿಂದ ಅಂಟಿಸಿದೆ. ಈಗ 35 ತೋರಿಸಿತು, ಆದರೆ ಫ್ಯಾನ್ ವೇಗ ಏರಿಸಿದ ಕ್ಷಣವೇ ಓದು ತಟಕ್ಕನೆ ಒಂದೂವರೆ ಡಿಗ್ರಿ ಇಳಿಯಿತು. ಕೂಲಂಟ್ ಅಷ್ಟು ಬೇಗ ತಣ್ಣಗಾಗಲು ಸಾಧ್ಯವಿಲ್ಲ. ಗಾಳಿ ಸೆನ್ಸರನ್ನೇ ತಣ್ಣಗೆ ಮಾಡುತ್ತಿತ್ತು. 5 ಮಿ.ಮೀ. ದಪ್ಪದ ಫೋಮ್ ತುಂಡನ್ನು ಮೇಲೆ ಹೊದಿಸಿ ಸುತ್ತ ಟೇಪ್ ಹಾಕಿದ ಮೇಲೆ ಓದು 37ಕ್ಕೆ ನಿಂತಿತು, ಫ್ಯಾನ್ ಬದಲಿಸಿದರೂ ನಿಧಾನವಾಗಿ, ಕೂಲಂಟ್ ಬದಲಾಗಬೇಕಾದ ರೀತಿಯಲ್ಲೇ ಬದಲಾಯಿತು.

ಟ್ಯಾಂಕಿನ ಎರಡು ಕೊಳವೆಗಳ ಪಕ್ಕಕ್ಕೂ ಸೆನ್ಸರ್ ಸರಿಸಿ ನೋಡಿದೆ. ಬರುವ ದ್ರವಕ್ಕೂ ಹೋಗುವ ದ್ರವಕ್ಕೂ 2 ಡಿಗ್ರಿಗಿಂತ ಕಮ್ಮಿ ವ್ಯತ್ಯಾಸ. ನಮ್ಮ ಲೆಕ್ಕಕ್ಕೆ ಯಾವ ಕಡೆ ಅಂಟಿಸಿದರೂ ನಡೆಯುತ್ತದೆ, ಒಮ್ಮೆ ಅಂಟಿಸಿದ ಮೇಲೆ ಜಾಗ ಬದಲಿಸಬಾರದು ಅಷ್ಟೆ.

ಇನ್ನು ಮುಂದೆ ಎರಡು ಅಂಕಿ ಬರೆಯುತ್ತೇನೆ. ಸಿಪಿಯುವಿನಿಂದ ಕೂಲಂಟ್ ಕಳೆದರೆ ಬರುವುದು ‘ಮೇಲಿನ ಅಂತರ’. ಕೂಲಂಟ್‌ನಿಂದ ಕೋಣೆ ಕಳೆದರೆ ‘ಕೆಳಗಿನ ಅಂತರ’. ಪೇಸ್ಟ್, ಒತ್ತಡ, ಪಂಪ್ ಇವುಗಳ ಗುಣ ಹೆಚ್ಚಾಗಿ ಮೊದಲನೆಯದರಲ್ಲಿ ಕಾಣುತ್ತದೆ. ರೇಡಿಯೇಟರ್, ಫ್ಯಾನ್, ಧೂಳು, ಕ್ಯಾಬಿನೆಟ್ ಗಾಳಿ ಎರಡನೆಯದರಲ್ಲಿ.

ಹಂತ 4: ಎಷ್ಟು ಹೊತ್ತು ಓಡಿಸಬೇಕು

ಏರ್ ಕೂಲರ್ ಎರಡು ಮೂರು ನಿಮಿಷದಲ್ಲಿ ತನ್ನ ಮಟ್ಟಕ್ಕೆ ಬಂದುಬಿಡುತ್ತದೆ. ಕೂಲಂಟ್ ಹಾಗಲ್ಲ, ಬಿಸಿಯನ್ನು ಹೀರಿಕೊಂಡು ನಿಧಾನವಾಗಿ ಏರುತ್ತದೆ. ಸಿನೆಬೆಂಚ್ ಒಂದು ಸುತ್ತು ಓಡಿಸಿ ‘ನೋಡಿ, 68 ಡಿಗ್ರಿ!’ ಎಂದು ಚಿತ್ರ ಹಾಕುವವರ ಕೂಲಂಟ್ ಇನ್ನೂ ಬೆಚ್ಚಗೇ ಆಗಿರುವುದಿಲ್ಲ. ನನ್ನ ಗ್ರಾಫಿನಲ್ಲಿ ಫ್ಯಾನ್ 1400ರಲ್ಲಿದ್ದಾಗ ಕೂಲಂಟ್ ಮಟ್ಟಕ್ಕೆ ಬರಲು 10–12 ನಿಮಿಷ ಹಿಡಿಯಿತು, 800ಕ್ಕೆ ಇಳಿಸಿದಾಗ ಕಾಲು ಗಂಟೆ ದಾಟಿತು. ಆದ್ದರಿಂದ ಪ್ರತಿ ಪರೀಕ್ಷೆಯೂ 30 ನಿಮಿಷ. ಕೊನೆಯ 5 ನಿಮಿಷದ ಸರಾಸರಿ ಮಾತ್ರ ಲೆಕ್ಕಕ್ಕೆ.

ಈ ನಿಯಮ ಹಾಕಿಕೊಳ್ಳುವ ಮೊದಲು ತೆಗೆದ ಲಿಕ್ವಿಡ್ ಕೂಲರಿನ ಅಂಕಿಗಳನ್ನೆಲ್ಲ ಬಿಸಾಕಿದೆ. ಬಾಗಿಲು ಹಾಕಿದ ಕೋಣೆ ಒಂದೊಂದು ಪರೀಕ್ಷೆಗೂ ಅರ್ಧ ಡಿಗ್ರಿ, ಒಂದು ಡಿಗ್ರಿ ಬಿಸಿಯಾಗುತ್ತಾ ಹೋಗಿತ್ತು. ಕೊನೆಯಲ್ಲಿ ಪರೀಕ್ಷೆಗೆ ಬಂದ ಸೆಟ್ಟಿಂಗ್ ಕೆಟ್ಟದ್ದು ಎಂದು ಕಂಡಿದ್ದು ಕೋಣೆಯ ದೆಸೆಯಿಂದ. ಅಂತರದ ಲೆಕ್ಕದಲ್ಲಿ ಆ ಗೊಂದಲ ಇರುವುದಿಲ್ಲ.

ಹಂತ 5: ಏರ್ ಕೂಲರಿಗಿಂತ ಕೆಟ್ಟ ಫಲಿತಾಂಶ

120 ವ್ಯಾಟ್, ಫ್ಯಾನ್ 1400, ಪಂಪ್ ಪೂರ್ತಿ ವೇಗ. ಕೋಣೆ 27, ಕೂಲಂಟ್ 37, ಸಿಪಿಯು 86.

ಕೋಣೆಗಿಂತ 59 ಡಿಗ್ರಿ ಹೆಚ್ಚು. ಹಳೆಯ ಏರ್ ಕೂಲರ್ 55ರಲ್ಲಿತ್ತು!

ಸಿಪಿಯು ಅಂಕಿ ಮಾತ್ರ ಇದ್ದಿದ್ದರೆ ನಾನು ಕೂಲರನ್ನು ವಾಪಸ್ ಕಳಿಸುತ್ತಿದ್ದೆ, ಇಲ್ಲವೇ ಫ್ಯಾನ್ ಬದಲಿಸುತ್ತಿದ್ದೆ. ಆದರೆ ಕೆಳಗಿನ ಅಂತರ 10 ಡಿಗ್ರಿ, ಅದು ಚೆನ್ನಾಗಿಯೇ ಇದೆ. ರೇಡಿಯೇಟರ್, ಫ್ಯಾನ್ ತಮ್ಮ ಕೆಲಸ ಮಾಡುತ್ತಿವೆ. ಮೇಲಿನ ಅಂತರ 49. ಬಿಸಿ ಕೂಲಂಟ್‌ವರೆಗೆ ಬರುವುದಕ್ಕೇ ತಡವರಿಸುತ್ತಿದೆ. ತೊಂದರೆ ಇರುವುದು ಚಿಪ್ ಮತ್ತು ತಾಮ್ರದ ತಳದ ನಡುವೆ, ಅಥವಾ ಪಂಪಿನಲ್ಲಿ. ಪಂಪ್ 2800 ಆರ್‌ಪಿಎಂ ತೋರಿಸುತ್ತಿತ್ತು, ಬೆರಳಿಟ್ಟರೆ ಸಣ್ಣ ನಡುಕವೂ ತಿಳಿಯುತ್ತಿತ್ತು.

ಪಂಪ್ ಸರಿಯಿದೆ ಎಂದುಕೊಂಡು ಬ್ಲಾಕ್, ಅಂದರೆ ಸಿಪಿಯು ಮೇಲೆ ಕೂರುವ ತಾಮ್ರದ ತಳದ ಭಾಗವನ್ನು, ಬಿಚ್ಚಿದೆ. ತಾಮ್ರದ ಮೇಲೆ ಪೇಸ್ಟಿನ ಅಚ್ಚು ಕಥೆಯನ್ನೆಲ್ಲ ಹೇಳಿತು. ಮೂರು ಮೂಲೆಗಳ ಕಡೆ ಪೇಸ್ಟ್ ತೆಳುವಾಗಿ, ಹಿಂದಿನ ತಾಮ್ರದ ಬಣ್ಣ ಕಾಣುವಷ್ಟು ಹರಡಿತ್ತು. ನಾಲ್ಕನೇ ಮೂಲೆಯಲ್ಲಿ ಬೂದು ಬಣ್ಣದ ದಪ್ಪ ಪದರ, ಅದರ ಮೇಲೆ ಎಳೆದಾಗ ಎದ್ದ ಸಣ್ಣ ಸಣ್ಣ ಮೊನೆಗಳು. ಬ್ಲಾಕ್ ವಾಲಿ ಕೂತಿತ್ತು. 5800ಎಕ್ಸ್‌ನ ಚಿಪ್ ಇರುವುದೂ ಹೆಚ್ಚುಕಮ್ಮಿ ಆ ಪಕ್ಕಕ್ಕೇ.

ಕಾರಣ ಹುಡುಕಲು ವರ್ನಿಯರ್ ಕ್ಯಾಲಿಪರ್ ತೆಗೆದೆ. ಬ್ಲಾಕನ್ನು ಮತ್ತೆ ಕೂರಿಸಿ ನಾಲ್ಕೂ ನಟ್‌ಗಳನ್ನು ನಿಲ್ಲುವ ತನಕ ಬಿಗಿದು, ಪ್ರತಿ ನಟ್ಟಿನ ತಲೆಯಿಂದ ಮೇಲೆ ಚಾಚಿದ ಕಂಬದ (ನಟ್ ತಿರುಗುವ ಸ್ಕ್ರೂ ಕಡ್ಡಿಯ) ಉದ್ದ ಅಳೆದೆ. ಮೂರರಲ್ಲಿ 6.2 ಮಿ.ಮೀ., ಒಂದರಲ್ಲಿ 5.0. ಆ ನಟ್ 1.2 ಮಿ.ಮೀ. ಮೇಲೆಯೇ ನಿಂತುಬಿಟ್ಟಿದೆ, ಕೈಗೆ ಮಾತ್ರ ಪೂರ್ತಿ ಬಿಗಿಯಾದಂತೆ ಅನಿಸುತ್ತದೆ. ಕಂಬದ ತಿರುಪಿನ ಗೆರೆಗಳಲ್ಲಿ ಕಪ್ಪು ಬಣ್ಣದ ಲೇಪ ಗಂಟುಕಟ್ಟಿತ್ತು. ಬರಿಗಣ್ಣಿಗೆ ಕಾಣಲಿಲ್ಲ, ಟಾರ್ಚ್ ಹಿಡಿದು ಓರೆಯಾಗಿ ನೋಡಿದಾಗ ಹೊಳೆಯಿತು.

ಆ ಕಂಬವನ್ನು ಬೋರ್ಡಿನಿಂದ ಹೊರತೆಗೆದು, ನಟ್ಟನ್ನು ಒಂದು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ ಹೀಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ತೊಟ್ಟು ಬಿಟ್ಟು ಓಡಾಡಿಸಿದೆ. ಲೇಪ ಪುಡಿಯಾಗಿ ಬಂತು. ಎಣ್ಣೆಯನ್ನು ಪೂರ್ತಿ ಒರೆಸಿ, ಆಲ್ಕೊಹಾಲ್‌ನಿಂದ ತೊಳೆದು, ಮತ್ತೆ ಕೂರಿಸಿದೆ. ಈ ಸಲ ಬಿಗಿಯುವಾಗ ಎದುರುಬದುರು ಮೂಲೆಗಳಿಗೆ ಅರ್ಧರ್ಧ ಸುತ್ತು. ನಾಲ್ಕೂ 6.2.

ಅದೇ ಪರೀಕ್ಷೆ: ಕೋಣೆ 27, ಕೂಲಂಟ್ 37, ಸಿಪಿಯು 79. ಕೆಳಗಿನ ಅಂತರ ಹಾಗೆಯೇ 10. ಮೇಲಿನ ಅಂತರ 49ರಿಂದ 42ಕ್ಕೆ. ಒಂದು ನಟ್ಟಿನಿಂದ 7 ಡಿಗ್ರಿ.

ಹೊಸ ಕೂಲರ್ ಹಾಕಿ ನಿರಾಶರಾದವರು ಫ್ಯಾನ್ ಬದಲಿಸುವ ಮೊದಲು ನಟ್‌ಗಳನ್ನು ಅಳೆಯಿರಿ ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ. ಎರಡು ನಿಮಿಷದ ಕೆಲಸ.

ಹಂತ 6: ಬ್ಲಾಕನ್ನು ಪಕ್ಕಕ್ಕೆ ಸರಿಸುವುದು

ಬ್ರ್ಯಾಕೆಟ್ಟಿನಲ್ಲಿ ಎರಡು ಜೊತೆ ರಂಧ್ರಗಳಿದ್ದವು. ಒಂದು ಜೊತೆ ನಡುವಿಗೆ, ಇನ್ನೊಂದು ಕೆಲವು ಮಿ.ಮೀ. ಕೆಳಕ್ಕೆ. ರೈಜೆನ್‌ನ ಚಿಪ್ ಮುಚ್ಚಳದ ನಡುವೆ ಇಲ್ಲದಿರುವುದರಿಂದ, ತಾಮ್ರದ ತಳದಲ್ಲಿ ಸಣ್ಣ ಕಾಲುವೆಗಳಿರುವ ಭಾಗವನ್ನು ಚಿಪ್‌ನ ನೇರಕ್ಕೆ ತರುವ ಉಪಾಯ ಇದು. ಮತ್ತೆ ಬಿಚ್ಚಿ, ಒರೆಸಿ, ಹೊಸ ಪೇಸ್ಟ್ ಹಾಕಿ ಕೆಳಗಿನ ರಂಧ್ರಗಳಲ್ಲಿ ಕೂರಿಸಿದೆ. ಮೇಲಿನ ಅಂತರ 40. ಎರಡು ಡಿಗ್ರಿ ಲಾಭ. ಪೇಸ್ಟ್ ಹರಡುವ ಬಗೆಯಿಂದಲೇ ಒಂದು ಡಿಗ್ರಿ ಅತ್ತಿತ್ತ ಆಗಬಹುದು, ಹಾಗಾಗಿ ಅದೇ ರಂಧ್ರದಲ್ಲಿ ಇನ್ನೊಮ್ಮೆ ಕೂರಿಸಿ ನೋಡಿದೆ. ಮತ್ತೆ 40ರ ಆಸುಪಾಸೇ ಬಂತು. ಹೀಗೇ ಉಳಿಸಿಕೊಂಡೆ.

ಹಂತ 7: ಪಂಪಿನ ವೇಗ

ಪಂಪನ್ನು ಸಾಮಾನ್ಯ ಫ್ಯಾನ್ ಹೆಡರಿಗೆ ಹಾಕಿದರೆ ಬೋರ್ಡ್ ಅದನ್ನೂ ಫ್ಯಾನ್ ಎಂದೇ ತಿಳಿದು, ಸಿಪಿಯು ತಣ್ಣಗಿರುವಾಗ ವೇಗ ಇಳಿಸುತ್ತದೆ. ಅದರ ಪರಿಣಾಮ ಎಷ್ಟೆಂದು ತಿಳಿಯಲು 2800ರಿಂದ 1500ಕ್ಕೆ ಇಳಿಸಿದೆ. ಮೇಲಿನ ಅಂತರ 40ರಿಂದ 43.5ಕ್ಕೆ ಏರಿತು, ಕೆಳಗಿನದು ಅರ್ಧ ಡಿಗ್ರಿ ಮಾತ್ರ. ಶಬ್ದದಲ್ಲಿ ಕ್ಯಾಬಿನೆಟ್ ಮುಚ್ಚಿದ ಮೇಲೆ ವ್ಯತ್ಯಾಸವೇ ತಿಳಿಯಲಿಲ್ಲ. ಪಂಪ್ ಹೆಡರಿನಲ್ಲಿ ಯಾವಾಗಲೂ ಪೂರ್ತಿ ವೇಗ ಎಂದು ಬಯೋಸ್‌ನಲ್ಲಿ ಬರೆದು ಮುಗಿಸಿದೆ.

ಹಂತ 8: ಫ್ಯಾನ್ ವೇಗ

ಎಲ್ಲವೂ 120 ವ್ಯಾಟ್‌ನಲ್ಲಿ, ಕೆಳಗಿನ ಅಂತರ ಮಾತ್ರ ಬರೆದಿದ್ದೇನೆ:

800 ಆರ್‌ಪಿಎಂ – 15 ಡಿಗ್ರಿ
1100 – 12
1400 – 10
1800 – 8.5

ನಾಲ್ಕರಲ್ಲೂ ಮೇಲಿನ ಅಂತರ 40ರಿಂದ ಕದಲಲಿಲ್ಲ. ಫ್ಯಾನ್ ಎಷ್ಟೇ ಜೋರಾಗಿ ಬೀಸಿದರೂ ಅದಕ್ಕೆ ಚಿಪ್‌ನ ಮೇಲೆ ಅಧಿಕಾರವಿಲ್ಲ, ಕೂಲಂಟ್‌ನ ಮೇಲೆ ಮಾತ್ರ. 1400ರಿಂದ 1800ಕ್ಕೆ ಹೋದರೆ ಒಂದೂವರೆ ಡಿಗ್ರಿ ಸಿಗುತ್ತದೆ, ಬದಲಿಗೆ ಪಕ್ಕದ ಕೋಣೆಗೂ ಕೇಳುವ ಭೋರ್ಗರೆತ. ಫೋನಿನ ಡೆಸಿಬೆಲ್ ಆ್ಯಪ್‌ಗಳ ಅಂಕಿಯನ್ನು ನಾನು ನಂಬುವುದಿಲ್ಲ, ಅವು ಮಾಪನಕ್ಕೆ ಹೊಂದಿಸಿದ ಮೈಕ್ ಅಲ್ಲ. ಅರ್ಧ ಮೀಟರ್ ದೂರದಲ್ಲಿ ಕೂತು ಕಿವಿಯಿಂದ ತೀರ್ಮಾನಿಸಿದ್ದು: 1100ರವರೆಗೆ ಮರೆತುಬಿಡಬಹುದು, 1400ರಲ್ಲಿ ಗಾಳಿಯ ಸದ್ದು ಗೊತ್ತಾಗುತ್ತದೆ, 1800 ಬೇಡ.

360 ಮಿ.ಮೀ. ರೇಡಿಯೇಟರ್ ತಂದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಅದು ಕಡಿಮೆ ಮಾಡಬಲ್ಲದ್ದು ಈ 10ರ ಭಾಗವನ್ನು. 40ರ ಭಾಗ ಹಾಗೇ ಉಳಿಯುತ್ತದೆ. ಇಷ್ಟು ಚಿಕ್ಕ ಚಿಪ್‌ಗೆ ದೊಡ್ಡ ರೇಡಿಯೇಟರ್ ಶಬ್ದ ಇಳಿಸಲು ಸಹಾಯ ಮಾಡೀತು, ಉಷ್ಣತೆಯನ್ನು ಹೆಚ್ಚೇನೂ ಇಳಿಸಲಾರದು. ಎರಡು ಮೂರು ಚಿಪ್‌ಗಳಲ್ಲಿ 200 ವ್ಯಾಟ್ ದಾಟುವ ಸಿಪಿಯುಗಳ ಲೆಕ್ಕ ಬೇರೆ.

ಫ್ಯಾನ್ ಪೂರ್ತಿ ನಿಲ್ಲಿಸಿಯೂ ನೋಡಿದೆ, ಪಕ್ಕದಲ್ಲೇ ಕೂತು. ಕೂಲಂಟ್ 37ರಿಂದ 50ಕ್ಕೆ ಏರಲು ಸುಮಾರು 3 ನಿಮಿಷ ಹಿಡಿಯಿತು, ಅಷ್ಟರಲ್ಲಿ ಸಿಪಿಯು 90 ಮುಟ್ಟಿದ್ದರಿಂದ ಭಾರ ನಿಲ್ಲಿಸಿದೆ. ಕೂಲಂಟ್ 60 ದಾಟದಂತೆ ನೋಡಿಕೊಳ್ಳಬೇಕು, ಅದು ಪಂಪಿಗೂ ಕೊಳವೆಗೂ ಒಳ್ಳೆಯದಲ್ಲ. ಈ 3 ನಿಮಿಷದ ತಾಳಿಕೆಯೇ ಲಿಕ್ವಿಡ್ ಕೂಲರಿನ ನಿಜವಾದ ಗುಣ. ಮುಂದಿನ ಫ್ಯಾನ್ ಸೆಟ್ಟಿಂಗ್ ನಿಂತಿರುವುದೇ ಇದರ ಮೇಲೆ.

ಹಂತ 9: ಮೇಲೆಯೋ, ಮುಂದೆಯೋ

ರೇಡಿಯೇಟರ್ ಛಾವಣಿಯಲ್ಲಿದ್ದು ಗಾಳಿ ಹೊರಗೆ ತಳ್ಳುತ್ತಿದ್ದಾಗ, ಗ್ರಾಫಿಕ್ಸ್ ಕಾರ್ಡಿಗೂ 200 ವ್ಯಾಟ್ ಭಾರ ಹಾಕಿದೆ. ಕಾರ್ಡಿನ ಬಿಸಿಗಾಳಿಯೆಲ್ಲ ರೇಡಿಯೇಟರ್ ಮೂಲಕವೇ ಹೋಗಬೇಕು. ಕೆಳಗಿನ ಅಂತರ 10ರಿಂದ 15ಕ್ಕೆ ಜಿಗಿಯಿತು. ರೇಡಿಯೇಟರನ್ನು ಮುಂಭಾಗಕ್ಕೆ ತಂದು ಹೊರಗಿನ ಗಾಳಿ ಎಳೆಯುವಂತೆ ಮಾಡಿದಾಗ 10ರಲ್ಲೇ ಉಳಿಯಿತು, ಆದರೆ ಕಾರ್ಡ್ 71ರಿಂದ 74ಕ್ಕೆ ಏರಿತು.

ಮುಂದೆ ಹಾಕುವಾಗ ಕೊಳವೆಗಳು ಕೆಳಗಿರಲಿ. ಪ್ರತಿ ಕೂಲರಿನೊಳಗೂ ಸ್ವಲ್ಪ ಗಾಳಿ ಇರುತ್ತದೆ, ವರ್ಷಗಳು ಕಳೆದಂತೆ ಕೊಳವೆಯ ರಬ್ಬರ್ ಮೂಲಕ ದ್ರವ ಆವಿಯಾಗಿ ಆ ಗಾಳಿ ಹೆಚ್ಚುತ್ತದೆ. ಅದು ಸೇರುವುದು ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ. ಕೊಳವೆಗಳು ಮೇಲಿದ್ದಾಗ ಅವುಗಳ ಬಾಯಿಯಲ್ಲೇ ಗಾಳಿ ನಿಂತು, ಯಂತ್ರ ಶುರುವಾದಾಗ ಗುಳುಗುಳು ಸದ್ದು ಕೇಳಿಸಿತು. ತಿರುಗಿಸಿ ಕೆಳಗೆ ಮಾಡಿದ ಮೇಲೆ ನಿಂತಿತು. ಪಂಪೇ ಎಲ್ಲಕ್ಕಿಂತ ಮೇಲಿರುವಂತೆ ಹಾಕುವುದಂತೂ ಬೇಡವೇ ಬೇಡ, ಗಾಳಿ ನೇರ ಪಂಪಿಗೆ ಸಿಕ್ಕಿ ಅದು ಒಣಗಿ ತಿರುಗುತ್ತದೆ.

ನನ್ನ ರೆಂಡರ್‌ಗಳಲ್ಲಿ ಹೆಚ್ಚಿನವು ಸಿಪಿಯು ಮೇಲೆಯೇ ನಡೆಯುವುದರಿಂದ ರೇಡಿಯೇಟರನ್ನು ಮತ್ತೆ ಛಾವಣಿಗೇ ಹಾಕಿದೆ.

ಹಂತ 10: 142 ವ್ಯಾಟ್ ಬೇಕೇ?

ಮಿತಿಯನ್ನು ಡೀಫಾಲ್ಟ್‌ಗೆ ಬಿಟ್ಟು ನೋಡಿದೆ. ಕೋಣೆ 27, ಸಿಪಿಯು 86, ಪೂರ್ತಿ 142 ವ್ಯಾಟ್. 90 ಮುಟ್ಟಲಿಲ್ಲ, ತರಿಸಿದ ಉದ್ದೇಶ ಈಡೇರಿತು. ಆದರೆ ಗ್ರಾಫಿಕ್ಸ್ ಕಾರ್ಡ್ ಕೂಡ ದುಡಿಯುವಾಗ ಮತ್ತೆ 90ಕ್ಕೆ ಹೋಗುತ್ತದೆ. 120 ವ್ಯಾಟ್‌ನಲ್ಲಿ ಅದೇ ಜೋಡಿ ಭಾರಕ್ಕೆ 82. ಸಿನೆಬೆಂಚ್ ಅಂಕದಲ್ಲಿ 142ಕ್ಕೂ 120ಕ್ಕೂ ಇರುವ ವ್ಯತ್ಯಾಸ 3 ಪ್ರತಿಶತದಷ್ಟು. ಪರೀಕ್ಷೆಗೆಂದು ಕಟ್ಟಿದ 120ರ ಮಿತಿಯನ್ನು ಬಿಚ್ಚದೆ ಹಾಗೇ ಬಿಟ್ಟಿದ್ದೇನೆ.

ಏರ್ ಕೂಲರಿಗೆ ಹೋಲಿಸಿದರೆ 120 ವ್ಯಾಟ್‌ನಲ್ಲಿ ಅಂತಿಮ ಗಳಿಕೆ 55ರಿಂದ 50ಕ್ಕೆ, 5 ಡಿಗ್ರಿ. ಇಷ್ಟಕ್ಕಾಗಿಯೇ ಲಿಕ್ವಿಡ್ ಕೂಲರ್ ಹಾಕಿ ಎಂದು ನಾನು ಯಾರಿಗೂ ಹೇಳಲಾರೆ. ನನಗೆ ಅದು ಬೆಲೆಬಾಳುವುದು ಕೊನೆಯ ಹಂತದಿಂದ.

ಹಂತ 11: ಫ್ಯಾನನ್ನು ಕೂಲಂಟ್‌ಗೆ ಕಟ್ಟುವುದು

ರೈಜೆನ್‌ನ ಉಷ್ಣತೆ ಒಂದು ಬ್ರೌಸರ್ ತೆರೆದರೂ 45ರಿಂದ 65ಕ್ಕೆ ಹಾರಿ ಇಳಿಯುತ್ತದೆ. ಫ್ಯಾನ್ ಸಿಪಿಯು ಉಷ್ಣತೆಯನ್ನು ನೋಡುತ್ತಿದ್ದರೆ ದಿನವಿಡೀ ಏರಿಳಿಯುತ್ತಿರುತ್ತದೆ. ಕೂಲಂಟ್ ಹಾಗೆ ಹಾರುವುದಿಲ್ಲ. ಫ್ಯಾನ್‌ಕಂಟ್ರೋಲ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ಯಾನ್‌ಗಳ ಆಧಾರವನ್ನು ಸಿಪಿಯುವಿನಿಂದ ಟಿ-ಸೆನ್ಸರಿಗೆ ಬದಲಿಸಿದೆ. ಕೆಲವು ಬೋರ್ಡ್‌ಗಳ ಬಯೋಸ್‌ನಲ್ಲೇ ಈ ಆಯ್ಕೆ ಇರುತ್ತದೆ.

ಯಾವ ಬಿಸಿಗೆ ಎಷ್ಟು ವೇಗ ಎಂಬ ಗೆರೆ ಹೀಗಿದೆ: ಕೂಲಂಟ್ 32ರವರೆಗೆ 700 ಆರ್‌ಪಿಎಂ, 36ಕ್ಕೆ 1000, 40ಕ್ಕೆ 1400, 45ಕ್ಕೆ 1800.

120 ವ್ಯಾಟ್ ರೆಂಡರ್‌ನಲ್ಲಿ ಕೂಲಂಟ್ 38ರ ಹತ್ತಿರ, ಫ್ಯಾನ್ 1200ರ ಹತ್ತಿರ, ಸಿಪಿಯು 78ರಲ್ಲಿ ನಿಂತುಕೊಳ್ಳುತ್ತದೆ. ಬೇರೆ ಕೆಲಸಗಳಲ್ಲಿ ಫ್ಯಾನ್ 700 ಬಿಟ್ಟು ಏಳುವುದೇ ಇಲ್ಲ. ಕೋಣೆ 32 ಮುಟ್ಟುವ ಸೆಕೆಗೆ ಈ ಗೆರೆಯನ್ನು 3 ಡಿಗ್ರಿ ಬಲಕ್ಕೆ ಸರಿಸಿದ ಇನ್ನೊಂದು ಪ್ರತಿಯನ್ನೂ ಉಳಿಸಿಟ್ಟುಕೊಂಡಿದ್ದೇನೆ. ಒಂದು ಎಚ್ಚರ: ಸೆನ್ಸರ್ ಕಳಚಿ ಬಿದ್ದರೆ ಫ್ಯಾನ್ ಕೋಣೆಯ ಉಷ್ಣತೆ ನೋಡಿಕೊಂಡು ಸುಮ್ಮನಿರುತ್ತದೆ. ಅದಕ್ಕೆ ಎರಡನೇ ಗೆರೆಯೊಂದನ್ನು ಸೇರಿಸಿದೆ. ಸಿಪಿಯು 85 ದಾಟಿದರೆ 1800, ಎರಡರಲ್ಲಿ ಯಾವುದು ಹೆಚ್ಚೋ ಅದು. ಟೇಪ್ ಬಿಡಿಸಿ ಸೆನ್ಸರನ್ನು ಹೊರಗೆ ತೂಗುಬಿಟ್ಟು ಇದನ್ನೂ ಪರೀಕ್ಷಿಸಿದೆ, ಕೆಲಸ ಮಾಡಿತು.

ಕ್ಯಾಬಿನೆಟ್ಟಿನ ಪಕ್ಕದ ತಗಡಿನ ಒಳಮೈಗೆ ಒಂದು ಚೀಟಿ ಅಂಟಿಸಿದ್ದೇನೆ: ‘120 ವ್ಯಾಟ್, ಫ್ಯಾನ್ 1400, ಪಂಪ್ 2800: ಮೇಲೆ 40, ಕೆಳಗೆ 10.’ ಮುಂದೆ ಯಾವಾಗಲಾದರೂ ಕೆಳಗಿನದು 13–14 ಆದರೆ ರೇಡಿಯೇಟರಿನ ಧೂಳು ತೆಗೆಯಬೇಕು. ಮೇಲಿನದು 45 ದಾಟಿದರೆ ಮೊದಲು ಪಂಪಿನ ಆರ್‌ಪಿಎಂ, ಆಮೇಲೆ ನಟ್‌ಗಳು, ಆಮೇಲೆ ಪೇಸ್ಟ್. ಮೂರೂ ಸರಿಯಿದ್ದೂ ಇಳಿಯದಿದ್ದರೆ ಒಳಗೆ ದ್ರವ ಕಮ್ಮಿಯಾಗಿದೆ ಅಥವಾ ತಳದ ಕಾಲುವೆಗಳು ಕಟ್ಟಿಕೊಂಡಿವೆ ಎಂದರ್ಥ. ಆಗ ಬಿಚ್ಚಿ ರಿಪೇರಿ ಮಾಡುವ ಕೂಲರ್ ಇದಲ್ಲ, ವಾರಂಟಿ ಕಾಗದ ಹುಡುಕಬೇಕು.